ಕಲ್ಲಚ್ಚಿನ ದೇವರು: ಪುಣೆ ಸೀಮೆಯ ಮಿಶ್ರಕಲೆಯ ಒಂದು ಸಮೀಕ್ಷೆ

ಪುಣೆಯಿಂದ ಲೋಣಾವಳಕ್ಕೆ ಹೋಗುವ ಲೋಕಲ್ ರೈಲಿನ ದಾರಿಯಲ್ಲಿ ಮಳವಲಿ ಎಂಬ ಸಣ್ಣ ಸ್ಟೇಷನ್ ಸಿಗುತ್ತದೆ. ಕಾರ್ಲಾ ಮತ್ತು ಭಾಜಾದ ಬೌದ್ಧ ಗುಹೆಗಳನ್ನು ನೋಡಹೋಗುವವರು ಅಲ್ಲಿ ಇಳಿಯುತ್ತಾರೆ. ಎರಡು ಸಾವಿರ ವರ್ಷಗಳ ಹಿಂದೆ ಬೆಟ್ಟದ ಬಂಡೆಯನ್ನೇ ಕೊರೆದು ಚೈತ್ಯ ಮಾಡಿದ ಆ ಊರಿಗೆ ಕಲ್ಲಿನ ಇನ್ನೊಂದು ಇತಿಹಾಸವೂ ಇದೆ. ರಾಜಾ ರವಿವರ್ಮನ ಹೆಸರು ಹೊತ್ತ ಅಚ್ಚುಕೂಟ ಇದ್ದದ್ದು ಇಲ್ಲಿಯೇ. ನವಿಲಿನ ಪಕ್ಕ ಕುಳಿತು ವೀಣೆ ನುಡಿಸುವ ಸರಸ್ವತಿ, ತಾವರೆಯ ಮೇಲೆ ನಿಂತ ಲಕ್ಷ್ಮಿ, ಇವರೆಲ್ಲ ಈ ಊರಿನ ಕಲ್ಲುಗಳ ಮೇಲಿಂದ ಕಾಗದಕ್ಕಿಳಿದು ದೇಶದ ಉದ್ದಗಲಕ್ಕೂ ಹೋದರು. ಬೆಳಗಾವಿ, ಧಾರವಾಡ, ಮೈಸೂರು, ಮಂಗಳೂರಿನ ಮನೆಗಳ ಪಡಸಾಲೆಗೂ ದೇವರ ಮನೆಗೂ ಬಂದರು.

ಈ ಪಟಗಳಲ್ಲಿ ದೇವರು ನಮ್ಮವರು. ಆದರೆ ಕಲ್ಲು ಜರ್ಮನಿಯದು, ಯಂತ್ರ ಜರ್ಮನಿಯದು, ನೆರಳು-ಬೆಳಕಿನ ಲೆಕ್ಕಾಚಾರ ಯುರೋಪಿನ ತೈಲಚಿತ್ರದ್ದು. ಹಾಗಾದರೆ ಈ ಕಲೆ ಯಾರದು? ಇದು ನಕಲೋ, ಹೊಸ ಸೃಷ್ಟಿಯೋ? ನೂರಕ್ಕೂ ಹೆಚ್ಚು ವರ್ಷಗಳಿಂದ ಈ ಪ್ರಶ್ನೆಯ ಮೇಲೆ ವಾದ ನಡೆದಿದೆ. ಆ ವಾದದ ಎಳೆಗಳನ್ನು ಒಂದೆಡೆ ತಂದು, ಪುಣೆ ಸೀಮೆಯ ಉದಾಹರಣೆಗಳ ಮೇಲೆ ಅವನ್ನು ಒರೆಗೆ ಹಚ್ಚುವುದು ಈ ಲೇಖನದ ಕೆಲಸ. ಚೀನಾದಲ್ಲೂ ಇದೇ ಕಲ್ಲು ಇದೇ ಪ್ರಶ್ನೆಯನ್ನು ಎಬ್ಬಿಸಿತ್ತು; ಅಲ್ಲಿಗೂ ಒಮ್ಮೆ ಹೋಗಿಬರಬೇಕು.

ಕಲ್ಲಿನ ಗುಣ

ಬವೇರಿಯಾದ ಅಲೋಯಿಸ್ ಸೆನೆಫೆಲ್ಡರ್ ನಾಟಕ ಬರೆಯುತ್ತಿದ್ದವನು. ತನ್ನ ನಾಟಕಗಳನ್ನು ಅಗ್ಗವಾಗಿ ಅಚ್ಚು ಹಾಕುವ ದಾರಿ ಹುಡುಕುತ್ತ 1796ರ ಸುಮಾರಿಗೆ ಅವನು ಕಲ್ಲಚ್ಚಿನ ತಂತ್ರವನ್ನು ಕಂಡುಕೊಂಡ. ಇದರ ತತ್ವ ಸರಳ. ಸಾರಿನ ಮೇಲೆ ಒಗ್ಗರಣೆಯ ಎಣ್ಣೆ ಬೇರೆಯಾಗಿಯೇ ತೇಲುವ ಹಾಗೆ, ಜಿಡ್ಡು ಮತ್ತು ನೀರು ಒಂದನ್ನೊಂದು ಸೇರಿಸಿಕೊಳ್ಳುವುದಿಲ್ಲ. ನುಣ್ಣಗೆ ಉಜ್ಜಿದ ಸುಣ್ಣಕಲ್ಲಿನ ಚಪ್ಪಡಿಯ ಮೇಲೆ ಜಿಡ್ಡಿನ ಶಾಯಿಯಿಂದಲೋ ಮೇಣದ ಕಡ್ಡಿಯಿಂದಲೋ ಚಿತ್ರ ಬರೆಯುತ್ತಾರೆ. ಗೋಂದು ಮತ್ತು ಅತಿ ತೆಳುವಾದ ಆಮ್ಲದ ಮಿಶ್ರಣ ಸವರಿ ಚಿತ್ರವನ್ನು ಕಲ್ಲಿನಲ್ಲಿ ನೆಲೆಗೊಳಿಸುತ್ತಾರೆ. ಆಮೇಲೆ ಕಲ್ಲಿಗೆ ನೀರು ಸವರಿದರೆ ಖಾಲಿ ಜಾಗ ನೀರನ್ನು ಹಿಡಿದುಕೊಳ್ಳುತ್ತದೆ, ಗೆರೆ ಇದ್ದಲ್ಲಿ ನೀರು ನಿಲ್ಲುವುದಿಲ್ಲ. ಶಾಯಿ ಹಚ್ಚಿದ ರೋಲರ್ ಉರುಳಿಸಿದಾಗ ಶಾಯಿ ಗೆರೆಗೆ ಮಾತ್ರ ಅಂಟುತ್ತದೆ. ಕಾಗದ ಇಟ್ಟು ಒತ್ತಿದರೆ ಚಿತ್ರ ತಿರುಗುಮುರುಗಾಗಿ ಇಳಿಯುತ್ತದೆ.

ಬಣ್ಣದ ಚಿತ್ರಕ್ಕೆ ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲು ಬೇಕು. ಮೊದಲು ಹೊರಗೆರೆಯ ಕಲ್ಲು ಸಿದ್ಧವಾಗುತ್ತದೆ. ಅದರ ಅಳತೆಗೆ ಸರಿಯಾಗಿ ಹಳದಿ, ಕೆಂಪು, ನೀಲಿ, ಕಂದು, ಚರ್ಮದ ಬಣ್ಣ ಎಂದು ಬೇರೆ ಬೇರೆ ಕಲ್ಲುಗಳಾಗುತ್ತವೆ. ಒಂದೇ ಕಾಗದ ಈ ಎಲ್ಲ ಕಲ್ಲುಗಳ ಮೇಲೆ ಸಾಲಾಗಿ ಹಾದುಬರಬೇಕು. ಒಂದು ಕಲ್ಲು ಕೂದಲೆಳೆಯಷ್ಟು ಸರಿದರೂ ದೇವಿಯ ತುಟಿಯ ಬಣ್ಣ ಗಲ್ಲಕ್ಕೆ ಇಳಿಯುತ್ತದೆ. ಹಳೆಯ ಪಟವೊಂದನ್ನು ಭೂತಗನ್ನಡಿ ಹಿಡಿದು ನೋಡಿದರೆ ಕೆನ್ನೆಯ ಆ ನುಣುಪು ಸಾವಿರಾರು ಸಣ್ಣ ಚುಕ್ಕಿಗಳಿಂದ ಆದದ್ದು ಎಂದು ತಿಳಿಯುತ್ತದೆ. ಆ ಒಂದೊಂದು ಚುಕ್ಕಿಯನ್ನೂ ಒಬ್ಬ ಕೆಲಸಗಾರ ಕಲ್ಲಿನ ಮೇಲೆ ಕೈಯಾರೆ ಇಟ್ಟಿದ್ದಾನೆ. ಕೊನೆಗೆ ವಾರ್ನಿಶ್ ಬಳಿದು ತೈಲಚಿತ್ರದ ಹೊಳಪು ಕೊಟ್ಟರೆ ಅದು ಓಲಿಯೋಗ್ರಾಫ್.

ಈ ತಂತ್ರದ ಒಂದು ಗುಣ ನಮ್ಮ ಪ್ರಶ್ನೆಗೆ ಬಹಳ ಮುಖ್ಯ. ಮರದ ಅಚ್ಚಿಗೆ ಉಳಿ ಬೇಕು, ತಾಮ್ರದ ತಗಡಿಗೆ ಕೊರೆಯುವ ಮೊಳೆ ಬೇಕು; ಆ ಸಲಕರಣೆಗೆ ಕೈ ಒಗ್ಗಿಕೊಳ್ಳಬೇಕು. ಕಲ್ಲಿನ ಮೇಲೆ ಹಾಗಲ್ಲ. ಕುಂಚ ಹಿಡಿದ ಕೈ ಕುಂಚದಿಂದಲೇ ಬರೆಯಬಹುದು, ಲೇಖನಿ ಹಿಡಿದ ಕೈ ಲೇಖನಿಯಿಂದಲೇ ಬರೆಯಬಹುದು. ಬರೆದವನ ಕೈಬರಹವೂ ಗೆರೆಯ ಓಟವೂ ಹಾಗೆ ಹಾಗೆಯೇ ಕಾಗದಕ್ಕೆ ಬರುತ್ತವೆ. ಕನ್ನಡಿಗರಿಗೆ ಇದರ ದೊಡ್ಡ ಸಾಕ್ಷಿ ಮಂಗಳೂರಿನಲ್ಲಿದೆ. ಬಾಸೆಲ್ ಮಿಶನ್ 1841ರಲ್ಲಿ ಅಲ್ಲಿ ಅಚ್ಚುಕೂಟ ತೆರೆದದ್ದು ಕಲ್ಲಚ್ಚಿನಿಂದ. 1843ರ ಜುಲೈ 1ರಂದು ಹರ್ಮನ್ ಮೊಗ್ಲಿಂಗ್ ಹೊರತಂದ ‘ಮಂಗಳೂರ ಸಮಾಚಾರ’, ಕನ್ನಡದ ಮೊದಲ ಪತ್ರಿಕೆ, ಕಲ್ಲಿನ ಮೇಲೆಯೇ ಅಚ್ಚಾಯಿತು. ಒತ್ತಕ್ಷರ, ಗುಣಿತಾಕ್ಷರಗಳ ನೂರಾರು ಮೊಳೆಗಳನ್ನು ಎರಕ ಹೊಯ್ಯಿಸದೆ ಕನ್ನಡವನ್ನು ಕೈಬರಹದಲ್ಲೇ ಅಚ್ಚು ಹಾಕುವ ಅವಕಾಶವನ್ನು ಕಲ್ಲು ಕೊಟ್ಟಿತು. ಕಲ್ಲು ಪಶ್ಚಿಮದಿಂದ ಬಂತು, ನಿಜ. ಆದರೆ ಬರೆಯುವ ಕೈ ಬದಲಾಗಬೇಕು ಎಂದು ಅದು ಹಟ ಹಿಡಿಯಲಿಲ್ಲ.

ಕಲ್ಲಿಗಿಂತ ಮೊದಲೇ ಬೆರೆತದ್ದು

ಪುಣೆಯಲ್ಲಿ ಪೂರ್ವ-ಪಶ್ಚಿಮದ ಕೂಡಾಟ ಕಲ್ಲಚ್ಚಿನಿಂದ ಶುರುವಾದದ್ದಲ್ಲ. ಪೇಶ್ವೆಯ ದರಬಾರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಚಾರ್ಲ್ಸ್ ಮ್ಯಾಲೆಟ್ ಕಲೆಯಲ್ಲಿ ಆಸಕ್ತಿಯಿದ್ದವನು. ಅವನ ಆಶ್ರಯದಲ್ಲಿ ಸ್ಕಾಟ್ಲೆಂಡಿನ ಚಿತ್ರಕಾರ ಜೇಮ್ಸ್ ವೇಲ್ಸ್ 1790ರ ದಶಕದ ಆರಂಭದಲ್ಲಿ ಪುಣೆಗೆ ಬಂದು, ಸವಾಯಿ ಮಾಧವರಾವ್ ಪೇಶ್ವೆ ಮತ್ತು ನಾನಾ ಫಡನವೀಸರ ಭಾವಚಿತ್ರ ಬರೆದ. ಪೇಶ್ವೆಯ ಅರಮನೆಯಾದ ಶನಿವಾರವಾಡೆಯಲ್ಲೇ ಸ್ಥಳೀಯರಿಗೆ ಚಿತ್ರ ಕಲಿಸುವ ಶಾಲೆಯೊಂದು ನಡೆಯಿತು. ಅಲ್ಲಿ ಬೆಳೆದ ಗಂಗಾರಾಮ ಚಿಂತಾಮಣ ತಾಂಬಟ ವೇರೂಳದ (ಎಲ್ಲೋರದ) ಗುಹೆಗಳನ್ನು ಅಳತೆ ಹಿಡಿದು ಬರೆದ. ಪೇಶ್ವೆಯ ಪ್ರಾಣಿಸಂಗ್ರಹದಲ್ಲಿದ್ದ ಖಡ್ಗಮೃಗವನ್ನು ಕಣ್ಣಾರೆ ನೋಡಿ ಬರೆದ. ಅವನ ಚಿತ್ರಗಳು ಇಂದು ಅಮೆರಿಕದ ಯೇಲ್ ಕಲಾಕೇಂದ್ರದಲ್ಲಿವೆ. ತಾಂಬಟ ಎಂದರೆ ತಾಮ್ರದ ಪಾತ್ರೆ ಮಾಡುವ ಕುಲಕಸುಬಿನವರು. ಆ ಹೆಸರಿನ ಒಬ್ಬ ಪುಣೆಯ ಮನುಷ್ಯ ಅಳತೆಗೋಲನ್ನೂ ದೂರ-ಸಮೀಪದ ನಿಯಮವನ್ನೂ ಕೈವಶ ಮಾಡಿಕೊಂಡು ನಮ್ಮ ಗುಹೆಗಳನ್ನು ನಮ್ಮ ಕಣ್ಣಿನಿಂದ ದಾಖಲಿಸಿದ. ಅನುಕರಣೆ ಎಂಬ ಒಂದು ಮಾತಿನಲ್ಲಿ ಇದನ್ನು ಮುಗಿಸಲಾಗದು.

ಇನ್ನೊಂದು ದಾರಿ ಚೀನಾದ್ದು. ಗಾಜಿನ ಹಿಂಬದಿಯಲ್ಲಿ ಚಿತ್ರ ಬರೆದು ಮುಂಬದಿಯಿಂದ ನೋಡುವ ಕಲೆ ಯುರೋಪಿನಿಂದ ಚೀನಾಕ್ಕೆ ಹೋಗಿ, ಕ್ಯಾಂಟನ್ನಿನ ಚಿತ್ರಕಾರರ ಕೈಯಲ್ಲಿ ಪಳಗಿ, 18ನೇ ಶತಮಾನದಲ್ಲಿ ಹಡಗಿನ ವ್ಯಾಪಾರದ ಜೊತೆ ಭಾರತದ ಪಶ್ಚಿಮ ಕರಾವಳಿಗೆ ಬಂತು. ಮರಾಠಾ ಸರದಾರರ ವಾಡೆಗಳಲ್ಲಿ ಇಂಥ ಗಾಜುಚಿತ್ರಗಳು ತೂಗಿದವು. ಮೈಸೂರು, ತಂಜಾವೂರಿನ ಚಿತ್ರಕಾರರೂ ಗಾಜಿನ ಮೇಲೆ ದೇವರನ್ನು ಬರೆದರು. ಪುಣೆಯ ರಾಜಾ ದಿನಕರ ಕೇಳಕರ್ ಸಂಗ್ರಹಾಲಯದಲ್ಲಿ ಗಾಜುಚಿತ್ರಗಳೂ ಇವೆ, ಕಥೆ ಹೇಳುತ್ತ ತೋರಿಸುವ ಪೈಠಣ ಶೈಲಿಯ ಚಿತ್ರಕಥಿ ಹಾಳೆಗಳೂ ಇವೆ. ಅಗಲ ಕಣ್ಣಿನ, ಪಕ್ಕಕ್ಕೆ ತಿರುಗಿದ ಮುಖದ ಆ ಚಿತ್ರಕಥಿ ವೀರರನ್ನು ನೋಡಿದರೆ ನಮ್ಮ ತೊಗಲುಗೊಂಬೆಯ ರಾಮ-ರಾವಣರು ನೆನಪಾಗುತ್ತಾರೆ. ಒಂದೇ ಸಂಗ್ರಹದಲ್ಲಿ ಹೀಗೆ ದಖನ್ನಿನ ದೇಸಿ ಗೆರೆಯೂ ಚೀನಾ ದಾರಿಯಾಗಿ ಬಂದ ಗಾಜಿನ ಬಣ್ಣವೂ ಇರುವುದನ್ನು ಕಂಡವರಿಗೆ ಒಂದು ವಿಷಯ ಸ್ಪಷ್ಟವಾಗುತ್ತದೆ: ಕಲ್ಲಚ್ಚು ಬರುವ ಮೊದಲೇ ಈ ಸೀಮೆಯ ಕಣ್ಣು ಹಲವು ದೇಶಗಳ ನೋಟಕ್ಕೆ ಒಗ್ಗಿತ್ತು.

1878: ಚಿತ್ರಶಾಲೆ

1818ರಲ್ಲಿ ಪೇಶ್ವೆಯ ಆಳ್ವಿಕೆ ಮುಗಿಯಿತು. ದರಬಾರಿನ ಆಶ್ರಯ ಹೋದ ಅರವತ್ತು ವರ್ಷಗಳ ಮೇಲೆ ಪುಣೆಯಲ್ಲಿ ಚಿತ್ರಕ್ಕೆ ಹೊಸ ಆಶ್ರಯದಾತ ಹುಟ್ಟಿದ. ಅವನು ಪಟ ಕೊಳ್ಳುವ ಸಾಮಾನ್ಯ ಗೃಹಸ್ಥ. ‘ನಿಬಂಧಮಾಲಾ’ ಬರೆದ ವಿಷ್ಣುಶಾಸ್ತ್ರಿ ಚಿಪಳೂಣಕರ್ 1878ರಲ್ಲಿ ಗೆಳೆಯರ ಜೊತೆ ಸೇರಿ ಚಿತ್ರಶಾಲಾ ಪ್ರೆಸ್ ಕಟ್ಟಿದರು. ಮುಂದೆ 1880ರಲ್ಲಿ ತಿಲಕರೊಡನೆ ನ್ಯೂ ಇಂಗ್ಲಿಷ್ ಸ್ಕೂಲ್, 1881ರಲ್ಲಿ ‘ಕೇಸರಿ’ ಪತ್ರಿಕೆ ಬಂದವು. 1882ರಲ್ಲಿ, 32 ತುಂಬುವ ಮೊದಲೇ, ಚಿಪಳೂಣಕರ್ ತೀರಿಕೊಂಡರು. ಆ ಅವಸರದ ಬದುಕಿನಲ್ಲಿ ಅವರು ನ್ಯೂ ಇಂಗ್ಲಿಷ್ ಸ್ಕೂಲ್ ಮತ್ತು ‘ಕೇಸರಿ’ಗಿಂತ ಮೊದಲು ಆರಿಸಿಕೊಂಡದ್ದು ಚಿತ್ರ ಅಚ್ಚು ಹಾಕುವ ಕೆಲಸವನ್ನು ಎಂಬುದನ್ನು ಗಮನಿಸಬೇಕು. ಓದು ಬಾರದವರಿಗೂ ನಾಡಿನ ನೆನಪು ತಲುಪಬೇಕಾದರೆ ಚಿತ್ರವೇ ದಾರಿ ಎಂದು ಅವರಿಗೆ ಗೊತ್ತಿತ್ತು.

ಚಿತ್ರಶಾಲೆಯ ಪಟಗಳಲ್ಲಿ ರಾಮ ಪಂಚಾಯತನ ಬಹಳ ಹೆಸರಾಯಿತು. ಶಿವಾಜಿ, ನಾನಾ ಫಡನವೀಸ್ ಮೊದಲಾದ ಮರಾಠಾ ಇತಿಹಾಸದ ಪುರುಷರೂ ದೇವರ ಸಾಲಿನಲ್ಲೇ ಅಚ್ಚಾದರು. ಈ ಪಟಗಳ ಬಣ್ಣ ಗಟ್ಟಿ, ಹೊರಗೆರೆ ಖಚಿತ. ಹಿಂದೆ ಕಂಬ, ಕಮಾನುಗಳು ದೂರದ ನಿಯಮಕ್ಕೆ ಅನುಸಾರವಾಗಿ ಹಿಂದೆ ಸರಿಯುತ್ತವೆ. ಮುಂದೆ ದೇವರು ಮಾತ್ರ ಆ ನಿಯಮಕ್ಕೆ ಬಗ್ಗದೆ ಭಕ್ತನ ಮುಖವನ್ನೇ ನೋಡುತ್ತ ಕುಳಿತಿದ್ದಾರೆ. ದರ್ಶನ ಕೊಡುವುದು ದೇವರ ಕೆಲಸ. ಅದಕ್ಕೆ ಅಡ್ಡಿಯಾಗುವ ಪಾಠವನ್ನು ಪುಣೆಯ ಚಿತ್ರಕಾರರು ಪಶ್ಚಿಮದಿಂದ ತೆಗೆದುಕೊಳ್ಳಲಿಲ್ಲ. ಬೇಕಾದ್ದನ್ನು ತೆಗೆದುಕೊಂಡು ಬೇಡದ್ದನ್ನು ಬಿಡುವ ಈ ಆಯ್ಕೆಯಲ್ಲೇ ಅವರ ಸ್ವಂತಿಕೆ ಇದೆ.

ಇದೇ 1878ರಲ್ಲಿ ಕಲ್ಕತ್ತೆಯಲ್ಲಿ ಅನ್ನದಾಪ್ರಸಾದ ಬಾಗಚಿ ಮತ್ತು ಅವರ ಒಡನಾಡಿಗಳು ಕಲ್ಕತ್ತಾ ಆರ್ಟ್ ಸ್ಟುಡಿಯೊ ತೆರೆದರು. ರವಿವರ್ಮನ ಪ್ರೆಸ್ಸಿಗಿಂತ 16 ವರ್ಷ ಮೊದಲೇ ಎರಡು ಊರುಗಳಲ್ಲಿ ಬಣ್ಣದ ದೇವರು ಅಚ್ಚಾಗುತ್ತಿದ್ದರು. ನಮ್ಮಲ್ಲಿ ಹಳೆಯ ಪಟಗಳನ್ನೆಲ್ಲ ರವಿವರ್ಮನ ಲೆಕ್ಕಕ್ಕೆ ಹಾಕುವ ರೂಢಿ ಇದೆ. ಅದು ಇತಿಹಾಸಕ್ಕೆ ಮಾಡುವ ಅನ್ಯಾಯ.

ತಿಲಕರಿಗೆ ಆಪ್ತರಾಗಿದ್ದ ವಾಸುದೇವ ಗಣೇಶ ಜೋಶಿ, ಎಂದರೆ ವಾಸುಕಾಕಾ ಜೋಶಿ, ಚಿತ್ರಶಾಲೆಯನ್ನು ಬಹಳ ಕಾಲ ನಡೆಸಿದರು. 1910ರಲ್ಲಿ ಅಲ್ಲಿಂದ ‘ಚಿತ್ರಮಯ ಜಗತ್’ ಎಂಬ ಸಚಿತ್ರ ಮಾಸಿಕ ಹೊರಟಿತು. ಅದೇ 1910ರ ಪತ್ರಿಕಾ ಕಾಯ್ದೆ ಬಂದ ಮೇಲೆ ಬರಹದ ಜೊತೆಗೆ ಚಿತ್ರಗಳ ಮೇಲೂ ಸರ್ಕಾರದ ಕಣ್ಣು ಬಿತ್ತು. ಮಹಿಷಾಸುರನನ್ನು ಕೊಲ್ಲುವ ದೇವಿಯ ಪಟದಲ್ಲಿ ಮಹಿಷ ಯಾರು ಎಂದು ಅಧಿಕಾರಿಗಳು ಯೋಚಿಸಬೇಕಾದ ಕಾಲ ಅದು. ಗೋಡೆಯ ಮೇಲಿನ ಪಟಕ್ಕೆ ಅಷ್ಟು ಶಕ್ತಿ ಇತ್ತು.

ಪುಣೆಯ ಈ ಪ್ರಪಂಚ ಕನ್ನಡಿಗರಿಗೆ ಹೊರಗಿನದಾಗಿರಲಿಲ್ಲ. ಬೆಳಗಾವಿ, ಧಾರವಾಡ, ವಿಜಯಪುರ ಸೀಮೆಗಳು ಆಗ ಮುಂಬಯಿ ಇಲಾಖೆಯಲ್ಲಿದ್ದವು. ಕಾಲೇಜು ಓದಿಗೆ ಪುಣೆ ಹತ್ತಿರದ ದೊಡ್ಡ ಊರು; ಆಲೂರ ವೆಂಕಟರಾಯರೂ ದ.ರಾ. ಬೇಂದ್ರೆಯವರೂ ಓದಿದ್ದು ಅಲ್ಲಿನ ಫರ್ಗ್ಯುಸನ್ ಕಾಲೇಜಿನಲ್ಲಿ. 19ನೇ ಶತಮಾನ ಮುಗಿಯುವುದರೊಳಗೆ ಸದರ್ನ್ ಮರಾಠಾ ರೈಲು ಪುಣೆಯನ್ನು ಬೆಳಗಾವಿ, ಹುಬ್ಬಳ್ಳಿಗಳಿಗೆ ಜೋಡಿಸಿತ್ತು. ಪುಸ್ತಕ, ನಾಟಕ, ಪಂಚಾಂಗ, ಪಟ ಎಲ್ಲಕ್ಕೂ ಅದೇ ದಾರಿ.

ಮಳವಲಿಯ ಯಂತ್ರಗಳು

ರವಿವರ್ಮನಿಗೆ (1848–1906) ತನ್ನ ಚಿತ್ರಗಳನ್ನು ಓಲಿಯೋಗ್ರಾಫ್ ಮಾಡಿಸಲು ಮೊದಲು ಸಲಹೆ ಕೊಟ್ಟವರು ತಿರುವಾಂಕೂರು ಮತ್ತು ಬರೋಡೆಯಲ್ಲಿ ದಿವಾನರಾಗಿದ್ದ ಟಿ. ಮಾಧವರಾವ್. ಚಿತ್ರಗಳನ್ನು ಯುರೋಪಿಗೆ ಕಳಿಸಿ ಅಚ್ಚು ಹಾಕಿಸಬಹುದು ಎಂಬುದು ಅವರ ಮಾತು. ರವಿವರ್ಮ ಮತ್ತು ತಮ್ಮ ರಾಜರಾಜವರ್ಮ ಇನ್ನೂ ಮುಂದೆ ಹೋಗಿ ಯುರೋಪಿನ ಯಂತ್ರವನ್ನೇ ಇಲ್ಲಿಗೆ ತರಿಸಿದರು. 1894ರಲ್ಲಿ ಮುಂಬಯಿಯಲ್ಲಿ ಪ್ರೆಸ್ ಶುರುವಾಯಿತು. ಮೊದಲು ಅಚ್ಚಾದದ್ದು ಶಕುಂತಲೆಯ ಜನನದ ಚಿತ್ರ. ಜರ್ಮನಿಯಿಂದ ತಂತ್ರಜ್ಞರು ಬಂದರು. ಅವರಲ್ಲಿ ಫ್ರಿಟ್ಜ್ ಶ್ಲೈಷರ್ ಮುಖ್ಯನಾದವನು. 1896ರಲ್ಲಿ ಮುಂಬಯಿಗೆ ಪ್ಲೇಗು ಬಡಿಯಿತು, ಕೆಲಸಗಾರರು ಊರು ಬಿಟ್ಟರು. 1899ರ ಹೊತ್ತಿಗೆ ಪ್ರೆಸ್ ಮಳವಲಿಗೆ ಬಂತು. ಸಾಲದ ಹೊರೆ ತಾಳಲಾರದೆ ಕೆಲವೇ ವರ್ಷಗಳಲ್ಲಿ ರವಿವರ್ಮ ಅದನ್ನು ಶ್ಲೈಷರನಿಗೆ ಮಾರಿದ. ಶ್ಲೈಷರ್ 1935ರಲ್ಲಿ ತೀರಿಕೊಂಡ. ಪ್ರೆಸ್ ಅನಂತರವೂ ನಡೆದು 1972ರ ಬೆಂಕಿಯಲ್ಲಿ ನಾಶವಾಯಿತು.

ಈ ಕಥೆಯ ಒಂದು ಅಂಶಕ್ಕೆ ಒತ್ತು ಕೊಡಬೇಕು. ನಾವು ಮನೆಗಳಲ್ಲಿ ಕಾಣುವ ‘ರವಿವರ್ಮನ ಪಟ’ಗಳಲ್ಲಿ ಬಹಳಷ್ಟು ಅವನು ಪ್ರೆಸ್ ಮಾರಿದ ಮೇಲೆ, ಅವನು ಸತ್ತ ಮೇಲೆ ಅಚ್ಚಾದವು. ಎಂ.ವಿ. ಧುರಂಧರ್ ಅಂಥ ಬೇರೆ ಚಿತ್ರಕಾರರ ರಚನೆಗಳೂ ಅಲ್ಲಿ ಅಚ್ಚಾದವು. ಒಬ್ಬ ಜರ್ಮನ್ ಮಾಲೀಕ, ಮರಾಠಿ ಕೆಲಸಗಾರರು, ಕೇರಳದ ಚಿತ್ರಕಾರನ ಹೆಸರು, ಬವೇರಿಯಾದ ಸುಣ್ಣಕಲ್ಲು, ಅಖಿಲ ಭಾರತದ ಗಿರಾಕಿ: ಇದರಲ್ಲಿ ಯಾವುದನ್ನು ತೆಗೆದರೂ ಆ ಸರಸ್ವತಿ ಇಲ್ಲ.

ಪಟದ ಒಳಗೂ ಇದೇ ಸಂಗಮ. ಸರಸ್ವತಿಗೆ ನಾಲ್ಕು ಕೈಗಳು. ಆದರೆ ಹೆಗಲಿನ ರಚನೆ ಮನುಷ್ಯ ದೇಹಶಾಸ್ತ್ರಕ್ಕೆ ಹೊಂದುವಂತೆ ಎಚ್ಚರದಿಂದ ಬರೆದದ್ದು. ಹಿಂದೆ ನೀರು, ಬಂಡೆ, ಗಿಡಮರಗಳು ದೂರ ಹೋದಂತೆ ಮಸುಕಾಗುತ್ತವೆ. ದೇವಿ ಉಟ್ಟದ್ದು ನಾವು ಮನೆಯಲ್ಲಿ ಕಾಣುವ ಸೀರೆ. ಶಾಸ್ತ್ರದ ದೇವಿ ಹೀಗೆ ನೆರೆಮನೆಯ ಹೆಣ್ಣಿನ ಹತ್ತಿರ ಬಂದಳು. ಮನೆಯ ಹೆಣ್ಣುಮಕ್ಕಳು ಆ ಪಟಕ್ಕೆ ಜರಿ, ಮಣಿ, ಬಟ್ಟೆಯ ತುಂಡು ಹಚ್ಚಿ ಸೀರೆ ಉಡಿಸಿದರು, ಒಡವೆ ಇಟ್ಟರು. ಕಲ್ಲಿನಿಂದ ಬಂದ ಒಂದೇ ಪ್ರತಿ ಹತ್ತು ಮನೆಗಳಲ್ಲಿ ಹತ್ತು ಬಗೆಯಾಯಿತು. ಗುಡಿಯ ಬಾಗಿಲೊಳಗೆ ಬಿಟ್ಟುಕೊಳ್ಳದ ಜನರ ಮನೆಗೂ ದೇವರು ತಾನೇ ನಡೆದು ಬಂದ. ಈ ಒಂದು ಕಾರಣಕ್ಕೇ ಕಲ್ಲಚ್ಚಿಗೆ ನಮ್ಮ ಸಮಾಜದ ಇತಿಹಾಸದಲ್ಲಿ ದೊಡ್ಡ ಜಾಗ ಸಲ್ಲಬೇಕು.

ಈ ಪ್ರೆಸ್ಸಿನಲ್ಲಿ ಕೆಲಸ ಕಲಿತವರಲ್ಲಿ ದಾದಾಸಾಹೇಬ ಫಾಳಕೆ ಒಬ್ಬರು. ಅವರು ಮುಂದೆ ಲೋಣಾವಳದಲ್ಲಿ ಸ್ವಂತ ಅಚ್ಚುಕೂಟ ಇಟ್ಟರು, ಬಣ್ಣದ ಅಚ್ಚು ಕಲಿಯಲು ಜರ್ಮನಿಗೆ ಹೋದರು, 1913ರಲ್ಲಿ ‘ರಾಜಾ ಹರಿಶ್ಚಂದ್ರ’ ತೆಗೆದರು. ಭಾರತದ ಸಿನಿಮಾದ ಮೊದಲ ಪುರಾಣಪುರುಷರ ನಿಲುವು, ಉಡುಪುಗಳ ಹಿಂದೆ ಈ ಕಲ್ಲುಗಳ ಪಾಠವಿದೆ.

ಆಕ್ಷೇಪಗಳು

ರವಿವರ್ಮ ಸತ್ತ ಮರುವರ್ಷವೇ, 1907ರಲ್ಲಿ, ಅವನ ಮೇಲೆ ದೊಡ್ಡ ಟೀಕೆ ಬಂತು. ಸೋದರಿ ನಿವೇದಿತಾ ಮತ್ತು ಆನಂದ ಕುಮಾರಸ್ವಾಮಿ ಅವನ ಚಿತ್ರಗಳಲ್ಲಿ ಭಾರತೀಯ ಭಾವವಿಲ್ಲ, ದೇವತೆಗಳ ಘನತೆ ಇಲ್ಲ, ಯುರೋಪಿನ ನಾಟಕೀಯತೆ ಮಾತ್ರ ಇದೆ ಎಂಬ ನಿಲುವು ತಳೆದರು. ಕಲ್ಕತ್ತೆಯಲ್ಲಿ ಇ.ಬಿ. ಹ್ಯಾವೆಲ್ ಮತ್ತು ಅವನೀಂದ್ರನಾಥ ಠಾಕೂರರ ಸುತ್ತ ಬೆಳೆದ ಹೊಸ ಪಂಥ ಅಜಂತಾ, ಮೊಗಲ್, ರಜಪೂತ ಚಿತ್ರಗಳ ಕಡೆ ಮುಖ ಮಾಡಿತು. ಈ ಟೀಕೆಯಲ್ಲಿ ಹುರುಳಿಲ್ಲವೆಂದಲ್ಲ. ಓಲಿಯೋಗ್ರಾಫಿನ ದೇವಿಯರಲ್ಲಿ ಹಲವರ ಮುಖ ಒಂದೇ ಅಚ್ಚಿನದು. ಭಾವಕ್ಕಿಂತ ಬಟ್ಟೆಯ ಹೊಳಪು ಹೆಚ್ಚು. ಬಿಳುಪೇ ಚೆಲುವು ಎಂಬ ತಪ್ಪು ಅಭಿರುಚಿಯನ್ನು ಈ ಪಟಗಳು ಬೆಳೆಸಿದವು ಎಂಬ ದೂರನ್ನೂ ತಳ್ಳಿಹಾಕಲಾಗದು. ಹಳ್ಳಿಯ ಚಿತ್ರಕಾರರು, ಚಿತ್ರಕಥಿಯವರು ಅಗ್ಗದ ಪಟದ ಮುಂದೆ ಸೋತದ್ದೂ ನಿಜ.

ಆದರೆ ಶುದ್ಧಿಯ ಹೆಸರಿನಲ್ಲಿ ನಡೆದ ಟೀಕೆ ಒಪ್ಪುವಂಥದಲ್ಲ. ಅದಕ್ಕೆ ಸಾಕ್ಷಿ ಬಂಗಾಳ ಪಂಥವೇ. 1903ರಲ್ಲಿ ಜಪಾನಿನ ಚಿತ್ರಕಾರರಾದ ಯೊಕೊಯಾಮಾ ತೈಕಾನ್ ಮತ್ತು ಹಿಶಿದಾ ಶುನ್ಸೊ ಕಲ್ಕತ್ತೆಗೆ ಬಂದರು. ಬಣ್ಣದ ಮೇಲೆ ನೀರು ಹರಿಸಿ ಮಂಜಿನಂಥ ಹದ ತರುವ ತೊಳಪಿನ ತಂತ್ರ ಅವನೀಂದ್ರನಾಥರ ಕೈಗೆ ಬಂದದ್ದು ಅವರ ಕೆಲಸವನ್ನು ನೋಡಿ. ಚೀನಾ-ಜಪಾನಿನ ಶಾಯಿ ಚಿತ್ರದ ಪರಂಪರೆಯ ಬೇರು ಅದಕ್ಕಿದೆ. ಪಶ್ಚಿಮದ ಬೆರಕೆ ಬೇಡವೆಂದವರು ಪೂರ್ವದ ಬೆರಕೆಯನ್ನು ಒಪ್ಪಿಕೊಂಡಿದ್ದರು. ಆ ತೊಳಪಿನ ಶಾಲೆಯಲ್ಲಿ ಕಲಿತ ಕನ್ನಡಿಗ ಕೆ. ವೆಂಕಟಪ್ಪನವರು ನೀಲಗಿರಿಯ ಮಂಜನ್ನು ಬರೆದಾಗ ಅದನ್ನು ಯಾರೂ ಪರದೇಶದ್ದು ಎನ್ನಲಿಲ್ಲ, ಅನ್ನಬೇಕಾಗಿಯೂ ಇರಲಿಲ್ಲ. ಆ ನ್ಯಾಯ ಮಳವಲಿಯ ಕಲ್ಲಿಗೂ ಸಿಗಬೇಕು.

ಕನ್ನಡದಲ್ಲಿ ಈ ಚರ್ಚೆ ಬೇಗನೆ ನಡೆಯಿತು. ಶಿವರಾಮ ಕಾರಂತರು ಭಾರತೀಯ ಚಿತ್ರಕಲೆಯ ಬಗ್ಗೆ ಪುಸ್ತಕ ಬರೆದರು; ಅ.ನ. ಕೃಷ್ಣರಾಯರು ಭಾರತೀಯ ಚಿತ್ರಕಲೆಯಲ್ಲಿ ರವಿವರ್ಮನ ಸ್ಥಾನವನ್ನೇ ವಿಷಯವಾಗಿಸಿಕೊಂಡು ಪುಸ್ತಕ ಬರೆದರು. ಮೈಸೂರು ಅರಸರು ರವಿವರ್ಮನನ್ನು ಕರೆಸಿ ಚಿತ್ರ ಬರೆಸಿದ್ದರಿಂದ, ಜಗನ್ಮೋಹನ ಅರಮನೆಯಲ್ಲಿ ಅವನ ಮೂಲ ಚಿತ್ರಗಳನ್ನು ನೋಡುವ ಭಾಗ್ಯ ಇಲ್ಲಿನವರಿಗೆ ಇತ್ತು. ಮೂಲವನ್ನೂ ಅಚ್ಚನ್ನೂ ಹೋಲಿಸಿ ನೋಡಬಲ್ಲ ಓದುಗರು ಇದ್ದ ನಾಡು ನಮ್ಮದು.

ಶಾಂಘಾಯ್ ಮತ್ತು ಪ್ಯಾರಿಸ್

ಪುಣೆಯ ಚಿತ್ರಶಾಲೆ ಹುಟ್ಟಿದ ಹೊತ್ತಿಗೇ, 1870ರ ದಶಕದ ಕೊನೆಯಲ್ಲಿ, ಶಾಂಘಾಯ್‌ನಲ್ಲಿ ಅರ್ನೆಸ್ಟ್ ಮೇಜರ್ ಎಂಬ ಇಂಗ್ಲಿಷ್ ವ್ಯಾಪಾರಿ ದಿಯನ್‌ಷಿಝಾಯ್ ಕಲ್ಲಚ್ಚುಕೂಟ ತೆರೆದ. ಅಲ್ಲಿಂದ 1884ರಿಂದ 1898ರವರೆಗೆ ಹತ್ತು ದಿನಕ್ಕೊಮ್ಮೆ ಸಚಿತ್ರ ಪತ್ರಿಕೆ ಹೊರಟಿತು. ಅದರ ಹೆಸರಾಂತ ಚಿತ್ರಕಾರ ವು ಯೌರು ಚೀನೀ ಕುಂಚದ ಗೆರೆಯಲ್ಲೇ ಬೀದಿ, ಹಡಗು, ಯುದ್ಧಗಳನ್ನು ಪಶ್ಚಿಮದ ದೂರ-ಸಮೀಪದ ಲೆಕ್ಕ ಹಿಡಿದು ಬರೆದ. 20ನೇ ಶತಮಾನದ ಆರಂಭದಲ್ಲಿ ಅದೇ ಊರಿನಲ್ಲಿ ಝೆಂಗ್ ಮಾನ್‌ಟುವೊ ಮೊದಲಾದವರು ಇದ್ದಿಲ ಪುಡಿ ಉಜ್ಜಿ ಅದರ ಮೇಲೆ ನೀರುಬಣ್ಣ ಹಾಕುವ ಹೊಸ ರೀತಿಯಲ್ಲಿ ಕ್ಯಾಲೆಂಡರ್ ಸುಂದರಿಯರನ್ನು ಬರೆದರು. ಸಿಗರೇಟು ಕಂಪನಿಗಳು ಅವನ್ನು ಕಲ್ಲಚ್ಚಿನಲ್ಲಿ ಅಚ್ಚು ಹಾಕಿಸಿ ಹಂಚಿದವು. ನಮ್ಮ ಲಕ್ಷ್ಮಿ-ಸರಸ್ವತಿಯರ ನುಣುಪು ಕೆನ್ನೆಗೂ ಶಾಂಘಾಯ್ ಸುಂದರಿಯ ನುಣುಪು ಕೆನ್ನೆಗೂ ತಂತ್ರದಲ್ಲಿ ನೆಂಟಸ್ತಿಕೆ ಇದೆ. ಅಲ್ಲಿನ ಪಂಡಿತರೂ ಇದನ್ನು ಬಜಾರಿನ ಸರಕು ಎಂದು ಬದಿಗಿಟ್ಟಿದ್ದರು. ಇತಿಹಾಸಕಾರರು ಅದಕ್ಕೆ ಬೆಲೆ ಕೊಟ್ಟದ್ದು ಬಹಳ ತಡವಾಗಿ.

ಮುಂದಿನ ತಲೆಮಾರಿನಲ್ಲಿ ಕಥೆ ಎತ್ತರಕ್ಕೆ ಏರಿತು. ಹಾಂಗ್‌ಝೌನಲ್ಲಿ ಕಲಿತ ಝಾವೊ ವೂ-ಕಿ 1948ರಲ್ಲಿ ಪ್ಯಾರಿಸ್ಸಿಗೆ ಹೋದರು. ಮರುವರ್ಷ ದೆಜೊಬೇರ್ ಎಂಬ ಅಚ್ಚುಗಾರರ ಮನೆಯಲ್ಲಿ ಮೊದಲ ಸಲ ಕಲ್ಲಿನ ಮೇಲೆ ಕೆಲಸ ಮಾಡುವಾಗ, ಅಚ್ಚುಗಾರರು ಬೇಡವೆಂದರೂ ಶಾಯಿಗೆ ಧಾರಾಳವಾಗಿ ನೀರು ಬೆರೆಸಿದರು. ಶಾಯಿ ಚಿತ್ರದಲ್ಲಿ ಪಳಗಿದ ಕೈಗೆ ನೀರಿನ ಓಟ ಗೊತ್ತಿತ್ತು. ಫಲ ನೋಡಿ ಅಚ್ಚುಗಾರರೇ ಮೆಚ್ಚಿದರು. ಆ ಎಂಟು ಕಲ್ಲಚ್ಚುಗಳಿಗೆ ಕವಿ ಆನ್ರಿ ಮಿಶೋ ಕವಿತೆಗಳನ್ನು ಬರೆದ. ಇಂದು ಝಾವೊ ಅವರ ಕಲ್ಲಚ್ಚುಗಳನ್ನು ಜಗತ್ತಿನ ದೊಡ್ಡ ಸಂಗ್ರಹಾಲಯಗಳು ಆಧುನಿಕ ಕಲೆ ಎಂದು ಗೌರವದಿಂದ ತೂಗುಹಾಕುತ್ತವೆ. ಅವರ ಚಿತ್ರ ಚೀನಾದ್ದೋ ಪಶ್ಚಿಮದ್ದೋ ಎಂದು ಯಾರೂ ಜಗಳಾಡುವುದಿಲ್ಲ. ಎರಡೂ ಸೇರಿದ್ದೇ ಅದರ ಶಕ್ತಿ ಎನ್ನುತ್ತಾರೆ.

ಝಾವೊ ಸಹಿ ಮಾಡಿದ ಕೆಲವೇ ಪ್ರತಿಗಳ ಕಲಾವಿದ. ಮಳವಲಿಯದು ರಾಶಿ ರಾಶಿ ಪ್ರತಿಗಳ ಕಾರ್ಖಾನೆ. ಎರಡರ ಕಲಾಮೌಲ್ಯ ಒಂದೇ ಎಂದು ನಾನು ಹೇಳುವುದಿಲ್ಲ. ಆದರೆ ಪ್ಯಾರಿಸ್ಸಿನ ಬೆರಕೆಯನ್ನು ಸಂಗಮವೆಂದು ಹೊಗಳಿ ಪುಣೆಯ ಬೆರಕೆಯನ್ನು ನಕಲು ಎಂದು ಹಳಿಯುವ ಅಳತೆಗೋಲು ಮಾತ್ರ ನೇರವಾಗಿಲ್ಲ.

ಈಚಿನ ನೋಟ, ಉಳಿದ ಕೊರತೆ

1990ರ ದಶಕದಿಂದ ಈಚೆಗೆ ವಿದ್ವಾಂಸರು ಈ ಪಟಗಳನ್ನು ಹೊಸದಾಗಿ ನೋಡಿದ್ದಾರೆ. ಬಂಗಾಳದಲ್ಲಿ ‘ಭಾರತೀಯ’ ಕಲೆ ಎಂಬ ಕಲ್ಪನೆ ಹೇಗೆ ರೂಪುಗೊಂಡಿತು, ಆ ಹಾದಿಯಲ್ಲಿ ರವಿವರ್ಮ ಹೇಗೆ ಹಿಂದೆ ಸರಿದ ಎಂಬುದನ್ನು ತಪತಿ ಗುಹಾ-ಠಾಕೂರ್ತಾ ತೋರಿಸಿದರು. ಪಾರ್ಥ ಮಿತ್ತರ್ ವಸಾಹತು ಕಾಲದ ಕಲೆ ಮತ್ತು ರಾಷ್ಟ್ರೀಯತೆಯ ನಂಟನ್ನು ಬಿಡಿಸಿದರು. ಕ್ರಿಸ್ಟೋಫರ್ ಪಿನ್ನಿ 2004ರ ತಮ್ಮ ಪುಸ್ತಕದಲ್ಲಿ ಚಿತ್ರಶಾಲಾ ಪ್ರೆಸ್ಸಿಗೆ ಸಲ್ಲಬೇಕಾದ ಜಾಗ ಕೊಟ್ಟು, ರಾಜಕೀಯ ಪಟದಲ್ಲಿ ಪ್ರತಿಫಲಿಸುವುದಷ್ಟೇ ಅಲ್ಲ, ಪಟದಲ್ಲೇ ರೂಪುಗೊಳ್ಳುತ್ತದೆ ಎಂದು ವಾದಿಸಿದರು. ಕಜ್ರಿ ಜೈನ್ ಕ್ಯಾಲೆಂಡರ್ ಚಿತ್ರದ ಬಜಾರನ್ನು ಅಧ್ಯಯನ ಮಾಡಿದರು. ಬೆಂಗಳೂರಿನ ವಕೀಲ ಗಣೇಶ ಶಿವಸ್ವಾಮಿ ರವಿವರ್ಮನ ಅಚ್ಚುಚಿತ್ರಗಳನ್ನು ಸಂಗ್ರಹಿಸಿ ಹಲವು ಸಂಪುಟಗಳ ಗ್ರಂಥವನ್ನೇ ತಂದಿದ್ದಾರೆ. ಶುದ್ಧವೋ ಅಶುದ್ಧವೋ ಎಂಬಲ್ಲಿಂದ ಚರ್ಚೆ ಈ ಪಟ ಜನರ ನಡುವೆ ಏನು ಮಾಡಿತು ಎಂಬಲ್ಲಿಗೆ ಬಂದಿದೆ. ಇದು ಒಳ್ಳೆಯ ತಿರುವು.

ಆದರೂ ಒಂದು ದೊಡ್ಡ ಕೊರತೆ ಇದೆ. ತೈಲಚಿತ್ರವನ್ನು ಬಣ್ಣ ಬಣ್ಣವಾಗಿ ಬಿಡಿಸಿ, ಯಾವ ಕಲ್ಲಿಗೆ ಎಷ್ಟು ಚುಕ್ಕಿ ಎಂದು ನಿರ್ಧರಿಸಿದ ಕೆಲಸಗಾರರು ಚಿತ್ರಕಾರರ ಸಾಲಿಗೆ ಸೇರಬೇಕಾದವರು. ಅವರ ಕಣ್ಣು ಸೋತಿದ್ದರೆ ರವಿವರ್ಮನ ಹೆಸರು ಇಷ್ಟು ದೂರ ಹೋಗುತ್ತಿರಲಿಲ್ಲ. ಪಟದ ಅಂಚಿನಲ್ಲಿ ಚಿತ್ರಕಾರನ ಹೆಸರಿದೆ, ಪ್ರೆಸ್ಸಿನ ಹೆಸರಿದೆ. ಕಲ್ಲಿನ ಮೇಲೆ ಬಾಗಿ ದುಡಿದವರ ಹೆಸರಿಲ್ಲ. ಪೂರ್ವ ಮತ್ತು ಪಶ್ಚಿಮ ನಿಜವಾಗಿ ಸೇರಿದ್ದು ಅವರ ಬೆರಳಿನ ತುದಿಯಲ್ಲಿ.

ಕಲ್ಲು ಹೋದರೂ ಅದರ ತತ್ವ ಹೋಗಿಲ್ಲ. ಇಂದಿನ ಆಫ್‌ಸೆಟ್ ಅಚ್ಚು ನಡೆಯುವುದೂ ಜಿಡ್ಡು-ನೀರಿನ ಅದೇ ವೈರದ ಮೇಲೆ. ಕಲಬುರಗಿಯಲ್ಲಿ 1916ರಲ್ಲಿ ಹುಟ್ಟಿದ ಎಸ್.ಎಂ. ಪಂಡಿತ್ ಮುಂಬಯಿಯ ಜೆ.ಜೆ. ಕಲಾಶಾಲೆಯಲ್ಲಿ ಕಲಿತು, ಹಾಲಿವುಡ್ ಸಿನಿಮಾಗಳ ಪೋಸ್ಟರ್ ಬರೆದು, ಆ ಬೆಳಕಿನ ಪಾಠವನ್ನು ರಾಧಾ-ಕೃಷ್ಣ, ಶಿವ-ಪಾರ್ವತಿಯರಿಗೆ ತಂದರು. ಅವರ ದೇವರುಗಳು ಕ್ಯಾಲೆಂಡರ್‌ಗಳಾಗಿ ದೇಶವನ್ನೆಲ್ಲ ಸುತ್ತಿದರು. ಕಲಬುರಗಿಯ ರಂಗಮಂದಿರಕ್ಕೆ ಅವರ ಹೆಸರಿದೆ. ಪುಣೆ-ಮಳವಲಿಯ ಪರಂಪರೆಗೆ ಕನ್ನಡ ನೆಲ ಕೊಟ್ಟ ದೊಡ್ಡ ಉತ್ತರ ಪಂಡಿತರೇ.

ಇಷ್ಟೆಲ್ಲ ಪರಿಶೀಲಿಸಿದ ಮೇಲೆ ನನ್ನ ತೀರ್ಮಾನ ಇದು. ಪುಣೆ ಸೀಮೆಯ ಕಲ್ಲಚ್ಚು ಪಶ್ಚಿಮದ ನಕಲಲ್ಲ. ತಂತ್ರವನ್ನು ಹೊರಗಿನಿಂದ ಪಡೆದು, ದರ್ಶನದ ಅಗತ್ಯಕ್ಕೆ ಅದನ್ನು ಬಾಗಿಸಿ, ಸಾಮಾನ್ಯರ ಕೈಗೆ ಎಟಕುವ ಬೆಲೆಗೆ ಕೊಟ್ಟ ಹೊಸ ಭಾರತೀಯ ಕಲೆ. ಅದರ ಗುಣದೋಷಗಳನ್ನು ಪಟ ಪಟವಾಗಿ ನೋಡಿ ಹೇಳಬೇಕೇ ಹೊರತು ಬೆರಕೆ ಎಂಬ ಒಂದೇ ಕಾರಣಕ್ಕೆ ತಳ್ಳಬಾರದು.

ಹಾಗೆ ನೋಡಬೇಕಾದರೆ ಪಟಗಳು ಉಳಿದಿರಬೇಕು. ಹಳೆಯ ಮನೆ ಕೆಡವುವಾಗ, ಹೊಸ ಫ್ಲ್ಯಾಟಿಗೆ ಹೋಗುವಾಗ ಎಷ್ಟೋ ಪಟಗಳು ಅರಳಿಕಟ್ಟೆಗೆ, ಹೊಳೆಗೆ, ಗುಜರಿಗೆ ಹೋಗುತ್ತಿವೆ. ಓದುಗರಲ್ಲಿ ನನ್ನ ವಿನಂತಿ ಇಷ್ಟು. ನಿಮ್ಮ ಮನೆಯ ಹಳೆಯ ಪಟದ ಕೆಳಗಿನ ಅಂಚನ್ನು ಒಮ್ಮೆ ಓದಿ. ಚಿತ್ರಶಾಲಾ, ಪುಣೆ ಎಂದೋ ರವಿವರ್ಮಾ ಪ್ರೆಸ್, ಕಾರ್ಲಾ-ಲೋಣಾವಳ ಎಂದೋ ಇದ್ದರೆ ಅದರ ಫೋಟೊ ತೆಗೆದು, ಮನೆಗೆ ಹೇಗೆ ಬಂತು ಎಂದು ಹಿರಿಯರನ್ನು ಕೇಳಿ ಬರೆದಿಡಿ. ಅದಕ್ಕೆ ಲ್ಯಾಮಿನೇಷನ್ ಮಾಡಿಸಬೇಡಿ, ಪ್ಲೈವುಡ್ಡಿಗೆ ಅಂಟಿಸಬೇಡಿ, ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ. ಹಿಂಬದಿಯ ಹಳೆಯ ಮರದ ಹಲಗೆ ತೆಗೆಸಿ ಆಮ್ಲವಿಲ್ಲದ ರಟ್ಟು ಹಾಕಿಸಿ. ಇಟ್ಟುಕೊಳ್ಳಲು ಜಾಗವಿಲ್ಲದಿದ್ದರೆ ಹತ್ತಿರದ ವಸ್ತುಸಂಗ್ರಹಾಲಯಕ್ಕೆ ಕೊಡಿ. ನಮ್ಮ ವಿಶ್ವವಿದ್ಯಾಲಯಗಳ ಕಲಾ ಇತಿಹಾಸ ವಿಭಾಗಗಳು ಗಡಿ ಜಿಲ್ಲೆಗಳ ಮನೆ, ಮಠ, ಅಂಗಡಿಗಳಲ್ಲಿ ಉಳಿದ ಕಲ್ಲಚ್ಚುಗಳ ಪಟ್ಟಿ ಮಾಡುವ ಕೆಲಸವನ್ನು ಈಗಲೇ ಕೈಗೆತ್ತಿಕೊಳ್ಳಬೇಕು. ಮಳವಲಿಯ ಪ್ರೆಸ್ 1972ರಲ್ಲಿ ಸುಟ್ಟುಹೋಯಿತು. ಈಗ ಅದರ ದೊಡ್ಡ ಸಂಗ್ರಹ ಇರುವುದು ನಮ್ಮ ಮನೆಗಳಲ್ಲೇ.